ನಳಿಕೆ ತೆಗೆದ ಮೇಲೆ

ಕುರುಗೋಡು
7-1-2025, ಮಂಗಳವಾರ

ಇವರಿಂದ: ಉಜ್ಜಿನಪ್ಪ, ನಿವೃತ್ತ ಅರ್ಜಿ ಬರಹಗಾರ.
ಇವರಿಗೆ: ಮಗಳು ಅರುಣಾ, ಮಕ್ಕಳ ತೀವ್ರ ನಿಗಾ ಘಟಕ, ಬಳ್ಳಾರಿ.
ವಿಷಯ: ಮೊಮ್ಮಗಳು ಶಶಿರೇಖಾಳ ಗಂಟಲಿನ ನಳಿಕೆಯನ್ನು ನಾಳೆ ಹೊರತೆಗೆಯುವ ಬಗ್ಗೆ.

ಚಿ. ಸೌ. ಅರುಣಾಳಿಗೆ ಆಶೀರ್ವಾದಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ,

ನಿನ್ನ ಯಜಮಾನರಾದ ಗವಿಸಿದ್ದೇಶ್ ಅವರು ಇಂದು ಬುತ್ತಿ ಒಯ್ಯಲು ಬಂದಾಗ ಹೇಳಿದ ವರ್ತಮಾನವನ್ನು ನಿನ್ನ ತಾಯಿ ಸ್ಲೇಟಿನ ಮೇಲೆ ಬರೆದು ನನಗೆ ತೋರಿಸಿದಳು. ನ್ಯುಮೋನಿಯಾ ಆಗಿ ಏಳು ದಿನಗಳಿಂದ ಯಂತ್ರದ ಉಸಿರಿನ ಮೇಲಿರುವ ಹತ್ತು ತಿಂಗಳ ಕೂಸಿನ ಗಂಟಲಿನಿಂದ ನಾಳೆ ಬೆಳಿಗ್ಗೆ ನಳಿಕೆ ತೆಗೆಯುತ್ತಾರೆಂದೂ, ಆ ಬಳಿಕ ಅದು ತಾನಾಗಿಯೇ ಉಸಿರಾಡಬೇಕೆಂದೂ ತಿಳಿಯಿತು. ಆಗಿನಿಂದ ನಿನ್ನ ತಾಯಿ ಅಡುಗೆಮನೆ ಬಿಟ್ಟು ಹೊರಗೆ ಬಂದಿಲ್ಲ. ನಾನು ಸ್ಥಿರವಾಗಿದ್ದೇನೆ.

ನನ್ನ ಕಿವಿ ಹೋಗಿ ಆರು ವರ್ಷವಾದುದರಿಂದ ಫೋನಿನಿಂದ ಪ್ರಯೋಜನವಿಲ್ಲ. ಒಳಗಿರುವ ತಾಯಂದಿರು ಫೋನನ್ನು ಹೊರಗಿನ ಕಪಾಟಿನಲ್ಲಿಟ್ಟು ಹೋಗಬೇಕೆಂಬ ನಿಯಮ ಬೇರೆ ಇದೆಯಂತೆ. ಹೊರಗೆ ಬಂದಾಗ ನೋಡಿಕೊಳ್ಳುವಂತೆ ಫೋನಿಗೇ ಅಕ್ಷರ ಕಳಿಸಬಹುದೆಂದು ಗವಿಸಿದ್ದೇಶ್ ಸೂಚಿಸಿದರು. ಸಹಿಯಿಲ್ಲದ ಅಕ್ಷರವನ್ನು ನಾನು ಒಪ್ಪುವುದಿಲ್ಲವೆಂದು ತಿಳಿಸಿದೆ. ಆದಕಾರಣ ಬುತ್ತಿಚೀಲದೊಂದಿಗೆ ಈ ಪತ್ರ.

ಮುಖ್ಯ ಸಂಗತಿ. ನನ್ನ ಗಮನಕ್ಕೆ ತರದೆ ಯಾವ ಕಾಗದಕ್ಕೂ ಸಹಿ ಮಾಡತಕ್ಕದ್ದಲ್ಲ. ನಾನು ಹಿರಿಯ ಅರ್ಜಿ ಬರಹಗಾರ ಮರಿಬಸಪ್ಪನವರ ಕೈಕೆಳಗೆ ಹಳೆಯ ಅರ್ಜಿಗಳನ್ನು ನಕಲು ಮಾಡುತ್ತಲೇ ಅಕ್ಷರ ಕಲಿತವನು. ಸಿರುಗುಪ್ಪದ ತಾಲ್ಲೂಕು ಕಚೇರಿಯ ಎದುರು ಮೂವತ್ತೆಂಟು ವರ್ಷ ಕುಳಿತವನು. ಕೆಂಚನಗುಡ್ಡದ ಪಕ್ಕೀರಪ್ಪ ಓದಿಸದೆ ಹೆಬ್ಬೆಟ್ಟು ಒತ್ತಿ, ತಾನು ಬದುಕಿರುವಾಗಲೇ ತಾನು ಸತ್ತಿರುವುದಾಗಿ ದಾಖಲೆ ಮಾಡಿಸಿಕೊಂಡಿದ್ದ. "ಸತ್ತಿಲ್ಲ ಅಂತ ಒಂದು ಬರಕೊಡ್ರಿ ಉಜ್ಜಿನಪ್ಪಾರ" ಎಂದು ನನ್ನ ಮೇಜಿನ ಮುಂದೆ ಅತ್ತಿದ್ದ. ಅವನನ್ನು ಬದುಕಿಸಲು ನನಗೆ ಹನ್ನೊಂದು ಅರ್ಜಿ ಬೇಕಾದವು.

ಆದುದರಿಂದ ಆಸ್ಪತ್ರೆಯವರು ಕೊಡುವ ಕಾಗದವನ್ನು ಬಿಳಿಹಾಳೆಯಲ್ಲಿ ನಕಲು ಮಾಡಿ ಕಳುಹಿಸು. ಪರಿಶೀಲಿಸಿ ತಿಳಿಸುತ್ತೇನೆ. ಇದನ್ನು ಕೇಳಿ ನಿನ್ನ ತಾಯಿ ಸ್ಲೇಟಿನ ಮೇಲೆ ಬರೆದದ್ದು: "ನೀವು ಓದಿ ಮುಗಸೋದ್ರೊಳಗ ಕೂಸು ಸಾಲಿಗಿ ಹೋಗಿರತೈತಿ." ಹೆಂಗಸಿನ ಮಾತು, ದಾಖಲಿಸಿದ್ದೇನೆ, ಅಷ್ಟೆ.

ನಿನ್ನ ಹಿತಚಿಂತಕನೂ ತಂದೆಯೂ ಆದ,
(ಸಹಿ) ಉಜ್ಜಿನಪ್ಪ


ಬಳ್ಳಾರಿ
8-1-2025

ಅಪ್ಪಾಜಿಯವರ ಪಾದಗಳಿಗೆ ಅರುಣಾಳ ನಮಸ್ಕಾರ.

ಬೆಳಿಗ್ಗೆ ಹನ್ನೊಂದಕ್ಕೆ ನಳಿಕೆ ತೆಗೆದರು. ಶಶಿ ಉಸಿರಾಡುತ್ತಿದ್ದಾಳೆ.

ಏಳು ದಿನ ಅವಳ ಎರಡೂ ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಹಾಸಿಗೆಗೆ ಕಟ್ಟಿದ್ದರು, ನಳಿಕೆಯನ್ನು ಕಿತ್ತುಕೊಳ್ಳಬಾರದೆಂದು. ನಿದ್ದೆಯ ಮದ್ದು ಇಳಿದಾಗಲೆಲ್ಲ ಅಳುತ್ತಿದ್ದಳು. ಬಾಯಿ ತೆರೆದಿರುತ್ತಿತ್ತು, ಕಣ್ಣೀರು ಕಿವಿಯವರೆಗೆ ಇಳಿಯುತ್ತಿತ್ತು, ದನಿ ಮಾತ್ರ ಇಲ್ಲ. ಗಂಟಲಲ್ಲಿ ನಳಿಕೆ ಇದ್ದರೆ ದನಿ ಹೊರಡುವುದಿಲ್ಲವಂತೆ. ಅದನ್ನು ನಾನು ಮತ್ತೊಮ್ಮೆ ನೋಡಲಾರೆ. ಇಂದು ತೆಗೆದೊಡನೆ ಬೆಕ್ಕಿನ ಮರಿಯ ಹಾಗೆ ಒಡಕು ದನಿಯಲ್ಲಿ ಅತ್ತಳು. ನಾನೂ ಅತ್ತೆ. ಸಿಸ್ಟರ್ ರಾಧಾ ಬೈದರು: "ಅಯ್ಯ, ಕೂಸು ಅಳತೈತಿ ಅಂತ ನಗಬೇಕ್ರಿ ಅಕ್ಕಾ ಇಲ್ಲಿ. ನೀವೇನು ತಿರುವುಮುರುವು!"

ಈಗ ಮೂಗಿಗೆ ಎರಡು ಸಣ್ಣ ಕೊಳವೆ ಇಟ್ಟಿದ್ದಾರೆ. ಬೆಚ್ಚಗಿನ ತೇವದ ಗಾಳಿ ಅದರಿಂದ ಜೋರಾಗಿ ನುಗ್ಗುತ್ತದೆ. ಅನ್ನ ಕುದಿಯುವಾಗ ಮುಚ್ಚಳದ ಕೆಳಗೆ ಬರುವಂಥ ಸದ್ದು. ಮಗುವಿನ ಶ್ವಾಸಕೋಶ ಮುದುಡಿಕೊಳ್ಳದಂತೆ ಆ ಗಾಳಿಯೇ ಒಳಗಿನಿಂದ ಆನಿಸಿ ಹಿಡಿಯುತ್ತದಂತೆ. ಡಾಕ್ಟರ್ ಜ್ಯೋತಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ಪೈಪ ತೆಗದ್ವಿ ಅಂದ್ರ ಮುಗೀತು ಅಂತ ತಿಳೀಬ್ಯಾಡ್ರಿ. ಇಷ್ಟು ದಿನ ಮಷೀನು ಮಾಡಿದ ಕೆಲಸ ಈಗ ಕೂಸು ಮಾಡಬೇಕು, ದಣಿತೈತಿ. ಈ ಗಾಳಿ ಸಾಲದಿದ್ರ ಮುಖಕ್ಕ ಬಿಗಿಯಾಗಿ ಮಾಸ್ಕು ಹಾಕ್ತೀವಿ. ಅದೂ ಸಾಲದಿದ್ರ ಮತ್ತ ಪೈಪ. ಎರಡು ದಿನ ಅಂಜಿಕಿ ಐತ್ರಿ."

ಆ ಕೊನೆಯದಕ್ಕೆ, ಅಂದರೆ ಮತ್ತೆ ನಳಿಕೆ ಹಾಕುವುದಕ್ಕೆ, ಈಗಲೇ ಒಂದು ಒಪ್ಪಿಗೆ ಕಾಗದ ಕೊಟ್ಟಿದ್ದಾರೆ. ನೀವು ಹೇಳಿದಂತೆ ಸಹಿ ಮಾಡಿಲ್ಲ. ನಕಲು ಇದರೊಂದಿಗಿದೆ.

ಅವ್ವನಿಗೆ ಹೇಳಿ, ಅವಳ ರೊಟ್ಟಿಯನ್ನು ಇಂದು ತಿಂದೆ.

ನಿಮ್ಮ ಮಗಳು,
ಅರುಣಾ


ಕುರುಗೋಡು
9-1-2025, ಬೆಳಿಗ್ಗೆ

ಚಿ. ಸೌ. ಅರುಣಾಳಿಗೆ,

ನೀನು ಕಳುಹಿಸಿದ ನಕಲನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಈ ಕೆಳಕಂಡ ಆಕ್ಷೇಪಣೆಗಳನ್ನು ಎತ್ತಬೇಕಾಗಿದೆ.

ಮೊದಲನೆಯದಾಗಿ, 'ಅಗತ್ಯ ಬಿದ್ದಲ್ಲಿ' ಎಂದು ನಮೂದಿಸಿದ್ದಾರೆ. ಅಗತ್ಯ ಬಿದ್ದಿದೆಯೆಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ? ಎರಡನೆಯದಾಗಿ, 'ಸಂಭವಿಸಬಹುದಾದ ತೊಡಕುಗಳನ್ನು ನಮಗೆ ವಿವರಿಸಲಾಗಿದೆ' ಎಂದಿದೆ. ತೊಡಕುಗಳ ಪಟ್ಟಿಯನ್ನು ಲಗತ್ತಿಸಿಲ್ಲ. ಮೂರನೆಯದಾಗಿ, ತೆಗೆದ ನಳಿಕೆಯನ್ನು ಮರಳಿ ಹಾಕುವ ಪ್ರಸಂಗ ಬರುವುದಾದರೆ, ತೆಗೆದದ್ದೇ ಆತುರದ ಕ್ರಮವಲ್ಲವೇ?

ಈ ಮೂರಕ್ಕೂ ಲಿಖಿತ ಉತ್ತರ ಬರುವವರೆಗೆ ಸಹಿ ಮಾಡತಕ್ಕದ್ದಲ್ಲ. ಬೇಕಾದರೆ ಈ ಹಾಳೆಯನ್ನೇ ಅವರ ಮುಂದೆ ಇಡು. ಈ ಕೂಸಿನ ಹಿಂದೆ ತಿಳಿದವರೊಬ್ಬರು ಇದ್ದಾರೆಂಬುದು ಅವರಿಗೆ ಅಕ್ಷರ ನೋಡಿದೊಡನೆ ಗೊತ್ತಾಗುತ್ತದೆ.

ನಿನ್ನ ತಾಯಿ ಮುಂಜಾನೆಯೇ ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಬಂದಳು. ಹಣೆಗೆ ಹಚ್ಚಲು ವಿಭೂತಿ ಕಳಿಸಿದ್ದಾಳೆ.

(ಸಹಿ) ಉಜ್ಜಿನಪ್ಪ


ಬಳ್ಳಾರಿ
11-1-2025

ಅಪ್ಪಾಜಿಯವರಿಗೆ,

ಒಂಬತ್ತನೆಯ ತಾರೀಕು ಮಧ್ಯಾಹ್ನ ಎರಡಕ್ಕೆ ಇವರು ನಿಮ್ಮ ಪತ್ರ ಕೊಟ್ಟು, ಅಕ್ಕಿ ಗಿರಣಿಯಲ್ಲಿ ರಜೆ ಮುಂದುವರಿಸಿಕೊಂಡು ಬರುತ್ತೇನೆಂದು ಸಿರುಗುಪ್ಪದ ಬಸ್ಸು ಹತ್ತಿದರು.

ಮೂರೂವರೆಗೆ ಶಶಿಯ ಪಕ್ಕೆಲುಬುಗಳ ಕೆಳಗೆ ಚರ್ಮ ಒಳಕ್ಕೆ ಸೆಳೆಯತೊಡಗಿತು. ಮೂಗಿನ ಹೊಳ್ಳೆ ಅಗಲವಾದವು. ಪ್ರತಿ ಉಸಿರಿಗೂ ತಲೆ ಅಲುಗುತ್ತಿತ್ತು, ಹೌದು ಹೌದು ಎನ್ನುವ ಹಾಗೆ. ಗಾಳಿಯನ್ನು ಹೆಚ್ಚಿಸಿದರು. ಆಗಲಿಲ್ಲ. ಮಾಸ್ಕು ಬಿಗಿದರು. ಅವಳು ಅದರೊಳಗೆ ಒದ್ದಾಡಿದಳು.

ಡಾಕ್ಟರ್ ಜ್ಯೋತಿ ಕಾಗದ ಹಿಡಿದು ಬಂದರು. "ಅಮ್ಮಾ, ಕೂಸು ಸೋಲಾಕತ್ತೈತಿ. ಇನ್ನೂ ಶಕ್ತಿ ಇರೂವಾಗ ಮೆತ್ತಗ ಪೈಪ ಹಾಕೋದು ಚಲೋ. ಸಹಿ ಮಾಡ್ರಿ."

ನಾನು ನಿಮ್ಮ ಹಾಳೆ ಕೊಟ್ಟೆ. ನಮ್ಮ ತಂದೆಯವರು ಮೂರು ಪ್ರಶ್ನೆ ಕೇಳಿದ್ದಾರೆ, ಬರೆದು ಉತ್ತರ ಕೊಡಿ ಎಂದೆ.

ಅವರು ಹಾಳೆಯನ್ನು ನನ್ನ ಕೈಗೇ ಮರಳಿಸಿದರು. "ಆಮ್ಯಾಲೆ ಮೂರಲ್ಲ, ಮೂವತ್ತಕ್ಕ ಉತ್ತರ ಬರಕೊಡ್ತೀನಿ. ಈಗ ಸಹಿ ಹಾಕ್ರಿ ತಾಯಿ." ನಾನು ಹಾಕಲಿಲ್ಲ. ಇವರಿಗೆ ಫೋನು ಮಾಡಿಸಿದರು, ಬಸ್ಸಿನಲ್ಲಿ ಸಿಗಲಿಲ್ಲ. ಅವರು ಮಾಸ್ಕಿನ ಒತ್ತಡವನ್ನು ಏರಿಸಿ ಮತ್ತೆ ಬಂದು ಕೇಳಿದರು, ಮತ್ತೆ ಹೋದರು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಇಪ್ಪತ್ತು ನಿಮಿಷ.

ಆಮೇಲೆ ಒಮ್ಮೆಗೇ ತುಟಿ ಕಪ್ಪಿಟ್ಟಿತು. ಪರದೆಯ ಮೇಲೆ ನೂರಾ ಎಪ್ಪತ್ತು ಇದ್ದ ಎದೆಬಡಿತ ಅರವತ್ತಕ್ಕೆ ಬಿತ್ತು. ಡಾಕ್ಟರು ಕಾಗದವನ್ನು ನೆಲಕ್ಕೆ ಬಿಟ್ಟು, "ಸಹಿ ಇಲ್ಲದಿದ್ರ ಇಲ್ಲ, ನನ್ನ ಮ್ಯಾಲೆ ಬರಕೊಳ್ರಿ" ಎಂದು ಓಡಿದರು. ನನ್ನನ್ನು ಹೊರಗೆ ಹಾಕಿದರು.

ನಳಿಕೆ ಮತ್ತೆ ಒಳಗಿದೆ. ಕೈಗಳನ್ನು ಮತ್ತೆ ಕಟ್ಟಿದ್ದಾರೆ. ಎರಡು ದಿನದಿಂದ ಕಣ್ಣು ಬಿಟ್ಟಿಲ್ಲ. ಮದ್ದಿನಿಂದಲೋ ಬೇರೆಯದರಿಂದಲೋ ಯಾರೂ ಹೇಳುತ್ತಿಲ್ಲ.

ಇನ್ನು ನೀವು ಬರೆಯಬೇಡಿ. ಬರಲೂ ಬೇಡಿ.

ಅರುಣಾ


ಕುರುಗೋಡು
12-1-2025

ಚಿ. ಸೌ. ಅರುಣಾಳಿಗೆ,

ನಿನ್ನ ಪತ್ರ ತಲುಪಿತು. ನನ್ನ ಆಕ್ಷೇಪಣೆಗಳು ಕ್ರಮಬದ್ಧವಾಗಿಯೇ ಇದ್ದವೆಂಬುದನ್ನು ಯಾರ ಮುಂದೆಯಾದರೂ ಸ್ಥಾಪಿಸಬಲ್ಲೆ. ತುರ್ತು ಸಂದರ್ಭದಲ್ಲಿ ವೈದ್ಯರು ಸಹಿಗಾಗಿ ಕಾಯಬೇಕಾಗಿರಲಿಲ್ಲವೆಂಬುದನ್ನೂ ಗಮನಿಸತಕ್ಕದ್ದು.

ಕೂಸು ಕಣ್ಣು ಬಿಟ್ಟಿತೇ ಎಂಬುದನ್ನು ಮಾತ್ರ ತಿಳಿಸು. ಒಂದು ಸಾಲು ಸಾಕು.

(ಸಹಿ) ಉಜ್ಜಿನಪ್ಪ


ಕುರುಗೋಡು
16-1-2025

ಅರುಣಾ,

ಹನ್ನೆರಡನೆಯ ತಾರೀಕಿನ ಪತ್ರ ಒಡೆಯದೆ ಹಿಂದಿರುಗಿತು. ಗವಿಸಿದ್ದೇಶ್ ಅದನ್ನು ಕಟ್ಟೆಯ ಮೇಲಿಟ್ಟು ಬುತ್ತಿ ತೆಗೆದುಕೊಂಡು ಹೊರಟರು. ಅವರ ತುಟಿ ಚಲಿಸಿದ್ದನ್ನು ನಾನೇ ಓದಿಕೊಂಡೆ: "ಆಕಿ ಒಲ್ಲೆ ಅಂದ್ಲು ಮಾವಾರ." ಇದನ್ನೂ ಒಡೆಯದಿದ್ದರೆ ಒಡೆಯದಿರು, ಬರೆಯದೆ ನನ್ನಿಂದ ಆಗುತ್ತಿಲ್ಲ.

ಹನ್ನೊಂದರಿಂದ ನಿನ್ನ ತಾಯಿ ಸ್ಲೇಟನ್ನು ಮುಟ್ಟಿಲ್ಲ. ತಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲವನ್ನು ಕೈಗೆ ಕೊಡಲಿಲ್ಲ, ಕಿಟಕಿಯಲ್ಲಿಟ್ಟಳು. ನನ್ನಂಥ ಕಿವುಡನ ಮನೆಯಲ್ಲಿ ಬಳಪ ಸುಮ್ಮನಾದರೆ ಎಲ್ಲವೂ ಸುಮ್ಮನಾದಂತೆ. ಕೂಸು ಇದೆಯೋ ಇಲ್ಲವೋ ಎಂಬುದನ್ನು ನಾನು ದಿನವೂ ಬುತ್ತಿಯಿಂದ ತಿಳಿಯುತ್ತಿದ್ದೇನೆ. ಬುತ್ತಿ ಕಟ್ಟುತ್ತಿದ್ದಾಳೆಂದರೆ ಇದೆ.

ಈಗ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ. ನೀನು ಕಳಿಸಿದ ನಕಲು ನನಗೆ ಅರ್ಥವಾಗಿರಲಿಲ್ಲ. ಅಕ್ಷರ ಕನ್ನಡದವೇ. ಆದರೆ ಅದರೊಳಗಿನ ಏಳೆಂಟು ಶಬ್ದಗಳು ಮನುಷ್ಯನ ದೇಹದಲ್ಲಿ ಎಲ್ಲಿವೆ, ಏನು ಮಾಡುತ್ತವೆ ಎಂಬುದು ನನಗೆ ತಿಳಿಯಲಿಲ್ಲ. ನಾಲ್ಕು ಬಾರಿ ಓದಿದೆ. ಬೀದಿಯಲ್ಲೇ ಔಷಧಿ ಅಂಗಡಿ ಇದೆ, ಹೋಗಿ ಕೇಳಬಹುದಿತ್ತು. ಉಜ್ಜಿನಪ್ಪ ಕಾಗದ ಹಿಡಿದುಕೊಂಡು ಮತ್ತೊಬ್ಬರ ಬಳಿ ಅರ್ಥ ಕೇಳಲು ಬಂದ ಎಂದು ಅಂಗಡಿಯ ದೊಡ್ಡಬಸಪ್ಪ ಊರೆಲ್ಲ ಹೇಳುತ್ತಾನೆಂದು ಹೋಗಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ನೋಟೀಸು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ಹೇಳಬಾರದು, ಆಕ್ಷೇಪಣೆ ಸಲ್ಲಿಸಬೇಕು. ವಾಯಿದೆ ಸಿಗುತ್ತದೆ. ಆ ವಾಯಿದೆಯಲ್ಲಿ ತಿಳಿದವರನ್ನು ಗುಟ್ಟಾಗಿ ಕೇಳಿಕೊಳ್ಳಬೇಕು. ಮೂವತ್ತೆಂಟು ವರ್ಷ ಹೀಗೆ ಮಾಡಿದ್ದೇನೆ, ಒಮ್ಮೆಯೂ ಸಿಕ್ಕಿಬಿದ್ದವನಲ್ಲ. ಅಂದೂ ಅದನ್ನೇ ಮಾಡಿದೆ. ಹತ್ತು ತಿಂಗಳ ಕೂಸಿನ ಉಸಿರಿಗೆ ವಾಯಿದೆ ಕೇಳಿದೆನೆಂದು ನಿನ್ನ ಹನ್ನೊಂದರ ಪತ್ರ ಓದುವವರೆಗೆ ನನಗೆ ಹೊಳೆದಿರಲಿಲ್ಲ.

ಇದಕ್ಕೆ ಏನು ಬರೆಯಬೇಕೆಂಬ ನಮೂನೆ ನನ್ನ ಬಳಿ ಇಲ್ಲ.

ಉಜ್ಜಿನಪ್ಪ


ಬಳ್ಳಾರಿ
17-1-2025

ಅಪ್ಪಾಜಿಯವರಿಗೆ,

ಪತ್ರ ಓದಿದೆ.

ಶಶಿ ಹದಿಮೂರಕ್ಕೆ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಿದಳೋ ಇಲ್ಲವೋ ತಿಳಿಯದು.

ನಾಳೆ ಮತ್ತೆ ನಳಿಕೆ ತೆಗೆಯುತ್ತಾರೆ. ಗಂಟಲಿನ ಬಾವು ಇಳಿಯಲು ಇಂದಿನಿಂದಲೇ ಮದ್ದು ಕೊಡುತ್ತಿದ್ದಾರೆ. ಈ ಬಾರಿ ತೆಗೆದ ಕೂಡಲೇ ಮಾಸ್ಕು. ಬೇಕಾಗುವ ಎಲ್ಲ ಕಾಗದಕ್ಕೂ ಸಹಿ ಮಾಡಿದ್ದೇನೆ. ಇದೂ ಸೋತರೆ ಕುತ್ತಿಗೆಯಲ್ಲೇ ದಾರಿ ಮಾಡಬೇಕಾಗಬಹುದೆಂದು ಡಾಕ್ಟರ್ ಜ್ಯೋತಿ ಹೇಳಿದ್ದಾರೆ. ಅದಕ್ಕೂ ಮಾಡಿದ್ದೇನೆ.

ಸಂಜೆ ನಾಲ್ಕರಿಂದ ನಾಲ್ಕೂವರೆಯವರೆಗೆ ಇನ್ನೊಬ್ಬರನ್ನು ಒಳಗೆ ಬಿಡುತ್ತಾರೆ. ಅವ್ವ ಬೇಡ, ನೋಡಿದರೆ ಬಿದ್ದುಬಿಡುತ್ತಾಳೆ. ಇವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ನೀವು ಬನ್ನಿ. ಅಲ್ಲಿನ ಯಂತ್ರಗಳು ಹಗಲೆಲ್ಲ ಕೂಗುತ್ತವೆ. ಪ್ರತಿ ಕೂಗಿಗೂ ನಾನು ಎದ್ದು ಪರದೆ ನೋಡುತ್ತೇನೆ. ನಿಮಗೆ ಕೇಳಿಸುವುದಿಲ್ಲ. ಕೇಳಿಸದವರೊಬ್ಬರು ಅವಳ ಪಕ್ಕದಲ್ಲಿ ಅರ್ಧ ಗಂಟೆ ಕೂರಬೇಕು.

ಕ್ಷಮಿಸಿದ್ದೇನೆಂದು ತಿಳಿಯಬೇಡಿ.

ಅರುಣಾ


ಕುರುಗೋಡು
22-1-2025

ಚಿ. ಸೌ. ಅರುಣಾಳಿಗೆ,

ನಾಲ್ಕು ದಿನ ಬಳ್ಳಾರಿಯ ಬೆಂಚಿನ ಮೇಲೆ ನಿನ್ನ ಪಕ್ಕದಲ್ಲೇ ಕುಳಿತಿದ್ದೆ. ನಾವು ಬುತ್ತಿಯ ವಿಷಯ, ಎಣಿಕೆಯ ಅಂಕಿ ಬಿಟ್ಟು ಬೇರೇನೂ ಮಾತನಾಡಲಿಲ್ಲ. ಆದುದರಿಂದ ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಹದಿನೆಂಟರ ಸಂಜೆ ಒಳಗೆ ಬಂದಾಗ ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಂಡವು. ಪಟ್ಟಿ ಕೆನ್ನೆಗೆ ಒತ್ತಿ ಕೆಂಪಾಗಿತ್ತು. ಕೂಸು ಅಳುತ್ತಿತ್ತು. ನನಗೆ ಎಲ್ಲರ ಅಳುವೂ ದನಿಯಿಲ್ಲದ್ದೇ. ದನಿ ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ನಿನ್ನ ಮುಖ ನೋಡಿದೆ. ನೀನು ತಲೆಯಾಡಿಸಿದೆ. ಇದೆ.

ಡಾಕ್ಟರು ನನಗೊಂದು ಕೆಲಸ ಒಪ್ಪಿಸಿದರು. ಗಡಿಯಾರ ಹಿಡಿದು, ನಿಮಿಷಕ್ಕೆ ಎದೆ ಎಷ್ಟು ಬಾರಿ ಏಳುತ್ತದೆಂದು ಎಣಿಸುವುದು. ಆ ಅಂಕಿ ಪರದೆಯ ಮೇಲೆಯೇ ಬರುತ್ತಿತ್ತು. ಮುದುಕನ ಕೈ ಸುಮ್ಮನಿರಲೆಂದು ಕೊಟ್ಟರೆಂಬುದನ್ನು ತಿಳಿಯದಷ್ಟು ದಡ್ಡನಲ್ಲ. ಆದರೂ ಎಣಿಸಿದೆ. ಮೊದಲ ದಿನ ಅರವತ್ತೆಂಟು. ಎರಡನೆಯ ದಿನ ಎಪ್ಪತ್ತೊಂದು. ಆ ಎಪ್ಪತ್ತೊಂದನ್ನು ನಿನಗೆ ಅರವತ್ತಾರು ಎಂದು ಹೇಳಿದೆ. ನನ್ನ ಜೀವಮಾನದಲ್ಲಿ ತಿಳಿದೂ ತಿಳಿದೂ ಒಪ್ಪಿಸಿದ ಸುಳ್ಳು ಲೆಕ್ಕ ಅದೊಂದೇ. ಮೂರನೆಯ ದಿನ ಐವತ್ತೆಂಟು. ನಾಲ್ಕನೆಯ ದಿನ ಮಾಸ್ಕು ತೆಗೆದು ಮತ್ತೆ ಮೂಗಿನ ಗಾಳಿಗೆ ತಂದಾಗ ಐವತ್ತು. ಆ ಐವತ್ತನ್ನು ನಿಂತೇ ಮತ್ತೆರಡು ಬಾರಿ ಎಣಿಸಿದೆ. ರಾಧಾ ಎಂಬಾಕೆ ಸ್ಟೂಲು ತಳ್ಳಿದರು.

ಹೊರಡುವ ಮುನ್ನ ಡಾಕ್ಟರ್ ಜ್ಯೋತಿಯವರಿಗೆ ಒಂದು ಚೀಟಿ ಕೊಟ್ಟೆ: 'ಅಂದಿನ ಇಪ್ಪತ್ತು ನಿಮಿಷಗಳಿಂದ ಮಗುವಿನ ತಲೆಗೆ ಹಾನಿಯಾಗಿದೆಯೇ?' ಅವರು ಅದರ ಹಿಂಬದಿಯಲ್ಲಿ ಬರೆದುಕೊಟ್ಟರು: 'ಗೊತ್ತಿಲ್ಲ. ಆಗಿರಲೂಬಹುದು, ಆಗದೆಯೂ ಇರಬಹುದು. ಬೆಳೆಯುತ್ತಾ ಹೋದಂತೆ ನೋಡಬೇಕು.' ಕೆಳಗೆ ಸಹಿಯನ್ನೂ ಮಾಡಿದರು. ನಾನು ಕೇಳಿರಲಿಲ್ಲ.

ಉಜ್ಜಿನಪ್ಪ


ಸಿರುಗುಪ್ಪ
14-3-2025

ಅಪ್ಪಾಜಿಯವರ ಪಾದಗಳಿಗೆ ನಮಸ್ಕಾರ.

ಮನೆಗೆ ಬಂದು ಆರು ವಾರವಾಯಿತು. ಇಷ್ಟು ದಿನ ಬರೆಯಲಿಲ್ಲ.

ಶಶಿ ಚೆನ್ನಾಗಿ ಉಸಿರಾಡುತ್ತಿದ್ದಾಳೆ. ಯಾವ ಕೊಳವೆಯೂ ಇಲ್ಲ, ಗಾಳಿಯೂ ಇಲ್ಲ. ದನಿ ಎಷ್ಟು ಬಂದಿದೆಯೆಂದರೆ ಗಿರಣಿಯ ಹಮಾಲರು ಕೇಳುತ್ತಾರೆ, "ಏನ್ರಿ, ಮನ್ಯಾಗ ಸೈರನ್ ಇಟ್ಟೀರೇನು?" ಆದರೆ ಮುಖ ಒರೆಸಲು ಬಟ್ಟೆ ಹತ್ತಿರ ತಂದರೆ ಮೈಯೆಲ್ಲ ಬಿಗಿಹಿಡಿದು ಕಿರುಚುತ್ತಾಳೆ. ಈಗ ಅಂಗೈ ತೋಯಿಸಿ ಸವರುತ್ತೇನೆ.

ಜ್ವರ ಬರುವ ಮೊದಲು ಮಂಚ ಹಿಡಿದು ನಿಲ್ಲುತ್ತಿದ್ದಳು. ಈಗ ವರ್ಷ ತುಂಬಿದೆ, ನಿಲ್ಲುತ್ತಿಲ್ಲ. ಎಡಗೈಯನ್ನು ಹೆಚ್ಚು ಮುಚ್ಚಿಕೊಂಡೇ ಇರುತ್ತಾಳೆ. ಮುಂದಿನ ಸೋಮವಾರವಲ್ಲ, ಅದರ ಮುಂದಿನ ಸೋಮವಾರ, ಇಪ್ಪತ್ನಾಲ್ಕಕ್ಕೆ ಬಳ್ಳಾರಿಯಲ್ಲಿ ಪರೀಕ್ಷೆ. ಇವರು ನನ್ನನ್ನು ನಗಿಸಲು ನೋಡುತ್ತಾರೆ: "ನಿಮ್ಮಪ್ಪನ್ನ ಕರಸು. ಏಳು ದಿನದೊಳಗ ಎದ್ದು ನಿಲ್ಲತಕ್ಕದ್ದು ಅಂತ ಕೂಸಿಗಿ ಒಂದು ನೋಟೀಸು ಕೊಡಸೋಣ." ನಿಜವಾಗಿ ನಕ್ಕೆ. ನಕ್ಕ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನೀವು ಆ ಕಾಗದ ಅರ್ಥವಾಗಲಿಲ್ಲವೆಂದು ಬರೆದಿರಿ. ನನಗೆ ಅರ್ಥವಾಗಿತ್ತು ಅಪ್ಪಾಜಿ. ಎಂಟನೆಯ ತಾರೀಕೇ ಸಿಸ್ಟರ್ ರಾಧಾರನ್ನು ಕೂರಿಸಿಕೊಂಡು ಒಂದೊಂದು ಶಬ್ದವನ್ನೂ ಕೇಳಿ ತಿಳಿದುಕೊಂಡಿದ್ದೆ. ಒಂಬತ್ತರ ಸಂಜೆ ಡಾಕ್ಟರು ಕೇಳಿದಾಗ ಸಹಿ ಮಾಡಬೇಕೆಂದೂ ಗೊತ್ತಿತ್ತು. ಆದರೆ ಕೈ ಕಟ್ಟಿಸಿಕೊಂಡು ದನಿಯಿಲ್ಲದೆ ಅಳುವುದನ್ನು ಮತ್ತೆ ನೋಡಲು ನನಗೆ ಧೈರ್ಯವಿರಲಿಲ್ಲ. ಇನ್ನೊಂದು ಗಳಿಗೆ ನೋಡೋಣ, ಮಾಸ್ಕಿನಲ್ಲೇ ತಡೆದುಕೊಂಡಾಳು ಎಂದುಕೊಂಡೆ. ಕೈಯಲ್ಲಿ ನಿಮ್ಮ ಪತ್ರ ಇತ್ತು. ಅದನ್ನು ಮುಂದೆ ಹಿಡಿದೆ. ನಿಮ್ಮ ಮಾತು ಮೀರಬಾರದೆಂದು ಸುಮ್ಮನಿದ್ದೆನೆಂದು ಎಲ್ಲರಿಗೂ ಹೇಳಿದೆ. ಇವರಿಗೂ ಅದನ್ನೇ ಹೇಳಿದ್ದೇನೆ.

ಆ ಇಪ್ಪತ್ತು ನಿಮಿಷ ನನ್ನದು. ಮುಚ್ಚಿದ ಅವಳ ಎಡಗೈಯನ್ನು ಬಿಡಿಸುವಾಗಲೆಲ್ಲ ನನಗೆ ಅದೇ ಕಾಣುತ್ತದೆ.

ಅರುಣಾ


ಕುರುಗೋಡು
17-3-2025

ಇವರಿಂದ: ಉಜ್ಜಿನಪ್ಪ, ಕುರುಗೋಡು.
ಇವರಿಗೆ: ಅರುಣಾ, ಸಿರುಗುಪ್ಪ.
ವಿಷಯ: ದಿನಾಂಕ 9-1-2025ರ ಇಪ್ಪತ್ತು ನಿಮಿಷಗಳು.
ಉಲ್ಲೇಖ: ನಿನ್ನ ದಿನಾಂಕ 14-3-2025ರ ಪತ್ರ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಸದರಿ ಇಪ್ಪತ್ತು ನಿಮಿಷಗಳು ನನ್ನ ಹೆಸರಿನಲ್ಲಿ ದಾಖಲಾಗಿರುತ್ತವೆ. ನಿನ್ನ ಯಜಮಾನರು, ನಿನ್ನ ತಾಯಿ, ಆಸ್ಪತ್ರೆಯವರು, ಎಲ್ಲರೂ ಇದನ್ನು ಬಲ್ಲರು. ಯಾರ ತಕರಾರೂ ಇಲ್ಲ. ಅವುಗಳನ್ನು ಪೂರ್ತಿಯಾಗಲಿ, ಭಾಗಶಃ ಆಗಲಿ, ನಿನ್ನ ಹೆಸರಿಗೆ ವರ್ಗಾಯಿಸಲು ನನ್ನ ಒಪ್ಪಿಗೆ ಇರುವುದಿಲ್ಲ.

ನನಗೆ ಎಪ್ಪತ್ತಾರು. ನೀನು ಇನ್ನೂ ಬಹಳ ವರ್ಷ ಆ ಮಗುವಿನ ಮುಖವನ್ನು ದಿನವೂ ನೋಡಬೇಕಾದವಳು.

ಬರುವ ಸೋಮವಾರದ ಪರೀಕ್ಷೆಯ ಬಗ್ಗೆ ನನಗೆ ಭಯವಿದೆ. ಮೊದಲ ಬಸ್ಸಿಗೆ ಬಳ್ಳಾರಿಗೆ ಬಂದು ಗೇಟಿನ ಬಳಿ ನಿಂತಿರುತ್ತೇನೆ. ನಿನ್ನ ತಾಯಿಯೂ ಬರುತ್ತಾಳೆ. ಕೂಸಿನ ಕೈ ಮತ್ತು ಪರೀಕ್ಷೆಯ ವಿಷಯವನ್ನಷ್ಟೇ ಅವಳಿಗೆ ತಿಳಿಸಿದ್ದೆ, ನಿನ್ನೆ ಸ್ಲೇಟು ತೆಗೆದು ಬರೆದಳು: "ಕೂಸಿನ ಕೈಗೆ ಎಣ್ಣಿ ತಿಕ್ಕಬೇಕು, ನಡ್ರಿ."

ನಿನ್ನ ಹದಿನಾಲ್ಕರ ಪತ್ರವನ್ನು ಇದೇ ಲಕೋಟೆಯಲ್ಲಿ ಹಿಂದಿರುಗಿಸಿದ್ದೇನೆ. ಯಾರಿಗೂ ತೋರಿಸಿಲ್ಲ. ಒಲೆಗೆ ಹಾಕು.

ನಕಲು ಇಟ್ಟುಕೊಂಡಿಲ್ಲ.

ನಿನ್ನ ಅಪ್ಪ